ಪುನರ್ಪುಳಿ ಶರಬತ್ತಿನ ಲೆಕ್ಕ

"ಬೇಗ ಹಾಕಮ್ಮ, ಎಲ್ಲರೂ ನೋಡ್ತಾರೆ," ಎನ್ನುತ್ತ ಯಶ್ಮಿತಾ ಅಂಗಿಯ ಅಂಚನ್ನು ಮೇಲೆತ್ತಿ ಹಿಡಿದಳು. ಕುಶಲಾ ಮೇಜಿನ ಮರೆಯಲ್ಲೇ ಬಗ್ಗಿ, ಮಗಳ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ಇನ್ಸುಲಿನ್ ಪೆನ್ನು ಒತ್ತಿದಳು. ಮನೆಯಲ್ಲಾದರೆ ಕಣ್ಣು ಮುಚ್ಚಿ ಮಾಡುವ ಕೆಲಸ. ಕದ್ರಿಯ ಈ ಹೋಟೆಲಿನಲ್ಲಿ, ಅವಳು ಪೆನ್ನಿನ ಅಂಕಿಯನ್ನು ಎರಡೆರಡು ಸಲ ನೋಡಿಕೊಂಡಿದ್ದಳು.

ಹತ್ತು ವರ್ಷದ ಯಶ್ಮಿತಾಳ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗಿತ್ತು. ಅವಳು ಏನು ತಿನ್ನುತ್ತಾಳೋ ಅದಕ್ಕೆ ತಕ್ಕಷ್ಟು ಇನ್ಸುಲಿನ್ ಹೊರಗಿನಿಂದಲೇ ಹೋಗಬೇಕು. ಕಡಿಮೆಯಾದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಹೆಚ್ಚಾದರೆ ಇಳಿಯುತ್ತದೆ. ಕುಶಲಾಳಿಗೆ ಹೆದರಿಕೆ ಈ ಇಳಿಯುವುದರದ್ದು. ಹಿಂದೊಮ್ಮೆ ಸಕ್ಕರೆ ಇಳಿದು ಮಗಳು ತೊಡೆಯ ಮೇಲೆಯೇ ಪ್ರಜ್ಞೆ ತಪ್ಪಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅಂದಿನಿಂದ ದೇರೆಬೈಲಿನ ಅವರ ಮನೆಯಲ್ಲಿ ಅನ್ನ ಕೂಡ ತಕ್ಕಡಿ ದಾಟಿಯೇ ತಟ್ಟೆಗೆ ಬೀಳುತ್ತಿತ್ತು. ಹೋಟೆಲಿನ ಮಾತೇ ಇರಲಿಲ್ಲ. ಗೆಳತಿಯರ ಹುಟ್ಟುಹಬ್ಬಕ್ಕೂ ಹುಡುಗಿ ಮನೆಯಿಂದ ಡಬ್ಬಿ ಒಯ್ಯುತ್ತಿದ್ದಳು.

ಈ ಹೋಟೆಲಿನವರು ಮೆನು ಕಾರ್ಡಿನಲ್ಲಿ ಪ್ರತಿ ತಿಂಡಿಯ ಕೆಳಗೂ ಕ್ಯಾಲೊರಿ ಹಾಕಿದ್ದಾರೆ, ಅದರಲ್ಲಿ ಪಿಷ್ಟ ಎಷ್ಟು, ಸಕ್ಕರೆ ಎಷ್ಟು ಎಂದೂ ಬರೆದಿದ್ದಾರೆ ಎಂದು ಕಂಡುಹಿಡಿದವಳು ಯಶ್ಮಿತಾಳೇ. "ಲೆಕ್ಕ ಅವರೇ ಬರ್ದಿದ್ದಾರಲ್ಲ, ಇನ್ನು ನಂಗೂ ಹೋಗ್ಬಹುದಲ್ಲ ಅಮ್ಮ?" ಎಂದು ದಿನಾ ಪೀಡಿಸಿದ್ದಳು. ಕೊನೆಗೆ ಕುಶಲಾ ಒಪ್ಪಿಕೊಂಡಿದ್ದಳು. ಹಾಗಾಗಿ ಇವತ್ತು ಮಗಳಿಗೆ ಒಂದು ಪ್ಲೇಟು ನೀರುದೋಸೆ, ಒಂದು ಲೋಟ ಪುನರ್ಪುಳಿ ಹಣ್ಣಿನ ಶರಬತ್ತು. ಎರಡರ ಲೆಕ್ಕವನ್ನೂ ಮೂರು ಸಲ ಕೂಡಿಸಿ ನೋಡಿ ಅವಳು ಇನ್ಸುಲಿನ್ ಕೊಟ್ಟಿದ್ದಳು.

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹೋಟೆಲಿನ ವಯಸ್ಸಾದ ಧಣಿ ಮೋಹನದಾಸರು ಇದನ್ನೆಲ್ಲ ನೋಡಿ ಎದ್ದು ಬಂದರು. "ಎಂತ ಅಕ್ಕ, ಬಾಲೆಗೆ ಇಂಜೆಕ್ಷನಾ?"

"ಹೌದಣ್ಣ. ಶುಗರ್ ಉಂಟು ಅವಳಿಗೆ."

"ಅಯ್ಯೋ ದೇವರೇ! ಇಷ್ಟು ಸಣ್ಣ ಪ್ರಾಯದಲ್ಲಿ?" ಅವರ ಮುಖ ಬಾಡಿಹೋಯಿತು. "ನನಗೂ ಉಂಟು ಮಾರಾಯ್ತಿ. ಚಾಯಕ್ಕೆ ಸಕ್ಕರೆ ಹಾಕದೆ ಎಷ್ಟೋ ವರ್ಷ ಆಯ್ತು."

"ಈ ಕಾರ್ಡಿನಲ್ಲಿ ಬರ್ದದ್ದು ಸರಿ ಉಂಟಲ್ಲ ಅಣ್ಣ?"

"ಸರಿ ಇಲ್ಲದೆ? ನನ್ನ ಅಣ್ಣನ ಮಗಳು ತೃಷಾ ಅದನ್ನೇ ಕಲ್ತದ್ದು. ಅಡಿಗೆಕೋಣೆಯಲ್ಲಿ ನಿಂತು ಒಂದೊಂದನ್ನೂ ತೂಗಿ ನಮ್ಮ ಭಟ್ರ ತಲೆ ಹಾಳು ಮಾಡಿದ್ದಾಳೆ."

ಕುಶಲಾ ನಕ್ಕಳು. ಮೋಹನದಾಸರು ಮಗುವಿನ ತಲೆ ಸವರಿ, ತಾವೇ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕೆಂಪಗಿನ ಶರಬತ್ತನ್ನು ತಾವೇ ಹಿಡಿದು ತಂದರು. ಧಣಿಯೇ ಬಡಿಸುವುದೆಂದರೆ! ಒಳ್ಳೆಯ ಜನ ಎಂದುಕೊಂಡಳು ಕುಶಲಾ.

ಯಶ್ಮಿತಾ ಒಂದೇ ಉಸಿರಿಗೆ ಅರ್ಧ ಲೋಟ ಕುಡಿದು, "ಸೂಪರ್ ಉಂಟಮ್ಮ, ಲಾಯ್ಕ ಸ್ವೀಟ್ ಉಂಟು," ಎಂದಳು. ದೋಸೆಯ ಒಂದು ಚೂರನ್ನೂ, ಶರಬತ್ತಿನ ಒಂದು ಹನಿಯನ್ನೂ ಬಿಡಲಿಲ್ಲ. ಕುಶಲಾ ತನ್ನ ತಟ್ಟೆ ಮುಟ್ಟದೆ ಮಗಳನ್ನೇ ನೋಡುತ್ತಿದ್ದಳು. ಎಷ್ಟೋ ಕಾಲದ ಮೇಲೆ ಅವಳಿಗೆ ಖುಷಿಯಾಗಿತ್ತು.

ಸುರತ್ಕಲ್ಲಿನಿಂದ ಕೆಲಸ ಮುಗಿಸಿ ಅವರನ್ನು ಕರೆದೊಯ್ಯಬೇಕಿದ್ದ ಗಂಡ ಯೋಗೀಶ, ಕೂಳೂರಿನಲ್ಲಿ ರಸ್ತೆ ಬ್ಲಾಕ್ ಆಗಿದೆ, ತಡವಾಗುತ್ತದೆ ಎಂದು ಫೋನು ಮಾಡಿದ. ಇವರು ಅಲ್ಲೇ ಕೂತರು. ಶಾಲೆಯ ಸುದ್ದಿ ಹೇಳುತ್ತಿದ್ದ ಯಶ್ಮಿತಾಳ ಮಾತು ನಿಧಾನವಾಗುತ್ತ ಬಂದು ನಿಂತೇಹೋಯಿತು. "ನಿದ್ದೆ ಬರ್ತದೆ," ಎಂದು ಮೇಜಿನ ಮೇಲೆ ತಲೆಯಿಟ್ಟಳು. ಅವಳ ಮೂಗಿನ ಕೆಳಗೆ ಬೆವರು ಸಾಲುಗಟ್ಟಿತ್ತು.

ಕುಶಲಾ ತಟ್ಟನೆ ಸಕ್ಕರೆ ಅಳೆಯುವ ಮೀಟರು ತೆಗೆದಳು. ಮಗಳ ಬೆರಳು ಚುಚ್ಚಿ ಅದಕ್ಕೆ ರಕ್ತ ತಾಗಿಸಿದಳು. ಅರವತ್ತೆರಡು. ಎಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದು. ಈಗಷ್ಟೇ ಉಂಡ ಮಗುವಿಗೆ ಅರವತ್ತೆರಡು ಹೇಗೆ ಬಂತು? ಬ್ಯಾಗಿಗೆ ಕೈ ಹಾಕಿದಳು. ಗ್ಲೂಕೋಸ್ ಡಬ್ಬಿ ಇರಲಿಲ್ಲ. ಹೊರಗೆ ಹೋಗುವುದೆಂಬ ಸಂಭ್ರಮದಲ್ಲಿ ಚಂದದ ಬ್ಯಾಗು ಹಿಡಿದು ಬಂದಿದ್ದಳು, ಡಬ್ಬಿ ದಿನದ ಬ್ಯಾಗಿನಲ್ಲೇ ಉಳಿದಿತ್ತು.

"ಅಣ್ಣ, ಇನ್ನೊಂದು ಪುನರ್ಪುಳಿ! ಬೇಗ!"

ಮೋಹನದಾಸರೇ ಓಡೋಡಿ ತಂದರು. ಕುಶಲಾ ಮಗಳ ಗಲ್ಲ ಹಿಡಿದು ಪೂರ್ತಿ ಕುಡಿಸಿದಳು. ಇನ್ನೇನು ಏರುತ್ತದೆ, ಸಕ್ಕರೆಯ ನೀರು, ಏರಲೇಬೇಕು. ಗಡಿಯಾರ ನೋಡುತ್ತ ಕಾದು ಮತ್ತೆ ಚುಚ್ಚಿದಳು. ನಲವತ್ತೆಂಟು. ಮೀಟರೇ ಕೆಟ್ಟಿರಬೇಕೆಂದು ಬೇರೆ ಬೆರಳು ಚುಚ್ಚಿದಳು. ನಲವತ್ತೈದು. ಇನ್ಸುಲಿನ್ ಎರಡು ಸಲ ಕೊಟ್ಟೆನೇ? ಕೂಡಿಸುವಾಗ ತಪ್ಪಿದೆನೇ? ತನ್ನ ಕೈಯಾರೆ ಮಗುವನ್ನು ಕೊಲ್ಲುತ್ತಿದ್ದೇನೆಯೇ?

ಯಶ್ಮಿತಾ ತಲೆಯೆತ್ತಿ ತಾಯಿಯನ್ನು ಯಾರನ್ನೋ ನೋಡುವಂತೆ ನೋಡಿದಳು. "ಟೀಚರ್, ನನ್ನ ಬೆಂಚು ಯಾವುದು?" ಎಂದು ಕೇಳಿದಳು.

"ಅಣ್ಣ, ಇದಕ್ಕೆ ಸಕ್ಕರೆ ಸರಿ ಹಾಕಿದ್ದೀರಲ್ಲ?" ಕುಶಲಾ ಕೂಗಿ ಕೇಳಿದಳು.

ಅವಳ ಗಾಬರಿ ಕಂಡು ಮೋಹನದಾಸರು ಸಮಾಧಾನದ ನಗೆ ನಕ್ಕರು. "ಎಂತದೂ ಹೆದರ್ಬೇಡಿ ಅಕ್ಕ. ಒಂದು ಹರಳು ಸಕ್ಕರೆ ಹಾಕ್ಲಿಲ್ಲ. ನಾನು ಚಾಯಕ್ಕೆ ಹಾಕುವ ಶುಗರ್‌ಫ್ರೀ ಮಾತ್ರೆ ಉಂಟಲ್ಲ, ಎರಡು ಲೋಟಕ್ಕೂ ಅದನ್ನೇ ಪುಡಿ ಮಾಡಿ ಹಾಕಿದ್ದು. ನಮ್ಮ ಮಗುವಿನ ಹಾಗಲ್ವಾ ಇವಳು?"

ಕುಶಲಾಳಿಗೆ ಆಗ ತಿಳಿಯಿತು. ಇಲ್ಲದ ಸಕ್ಕರೆಗೆ ಇನ್ಸುಲಿನ್ ಕೊಟ್ಟಾಗಿತ್ತು. ಕೊಟ್ಟದ್ದನ್ನು ಹಿಂದೆ ತೆಗೆಯುವ ಹಾಗಿಲ್ಲ.

"ಸಕ್ಕರೆ! ಸಕ್ಕರೆ ಕೊಡಿ!" ಎಂದು ಕಿರುಚಿ ಅಡಿಗೆಕೋಣೆಗೆ ನುಗ್ಗಿದಳು. ಚಾಯದ ಒಲೆಯ ಪಕ್ಕದ ಸಕ್ಕರೆ ಡಬ್ಬಿಯನ್ನೂ ಒಂದು ಚಮಚವನ್ನೂ ಬಾಚಿಕೊಂಡು ಬಂದು, ನೀರಿನ ಲೋಟಕ್ಕೆ ಸುರಿದು ಕಲಕಿದಳು. ಮೋಹನದಾಸರು ಅವಳ ಕೈಯನ್ನೇ ಹಿಡಿದುಬಿಟ್ಟರು.

"ಎಂತ ಮಾಡ್ತೀರಿ ಅಕ್ಕ! ಶುಗರ್ ಇದ್ದ ಮಗುವಿಗೆ ಅದು ವಿಷ!"

"ಕೈ ಬಿಡಿ! ಶುಗರ್ ಇಳಿದು ಹೋಗಿದೆ ಅವಳಿಗೆ, ಸಾಯ್ತಾಳೆ ಅವಳು!"

ಅವರ ಹಿಡಿತ ಸಡಿಲಿತು. ಕುಶಲಾ ಮಗಳನ್ನು ನೆಟ್ಟಗೆ ಕೂರಿಸಿ ಚಮಚ ಚಮಚವಾಗಿ ಕುಡಿಸಿದಳು. "ನುಂಗು ಯಶು. ನುಂಗು ಮಗಾ." ಅರ್ಧ ಗಲ್ಲದ ಮೇಲೆ ಹರಿಯಿತು, ಅರ್ಧ ಒಳಗೆ ಹೋಯಿತು. ಪ್ರತಿ ಸಲವೂ ಮಗುವಿನ ಗಂಟಲು ಅಲುಗುವವರೆಗೆ ಕಾದು ಮುಂದಿನ ಚಮಚ ಹಿಡಿದಳು. ಆಚೆ ಮೇಜಿನವರು ಊಟ ಬಿಟ್ಟು ಎದ್ದು ನಿಂತಿದ್ದರು.

ಲೋಟ ಮುಗಿದು ಇನ್ನೊಂದು ಲೋಟ ಅರ್ಧವಾದ ಮೇಲೆ ಮೀಟರು ಎಪ್ಪತ್ತೊಂದು ತೋರಿಸಿತು. ಆಮೇಲೆ ಎಂಬತ್ತಾರು. ಹುಡುಗಿಯ ತುಟಿಗೆ ಬಣ್ಣ ಮರಳಿತು. "ಅಮ್ಮ," ಎಂದಳು. ಇನ್ಸುಲಿನ್ ಒಳಗೆ ಇನ್ನೂ ಕೆಲಸ ಮಾಡುತ್ತಲೇ ಇತ್ತು, ಯೋಗೀಶ ಬಂದ ಕೂಡಲೇ ಆಸ್ಪತ್ರೆಗೆ ಹೋಗಬೇಕಿತ್ತು. ಆದರೂ ಅಮ್ಮ ಎಂದಳಲ್ಲ.

ಮೋಹನದಾಸರು ಕುರ್ಚಿಗೆ ಆತು ನಿಂತಿದ್ದರು. "ಒಳ್ಳೇದಾಗ್ಲಿ ಅಂತ ಮಾಡಿದ್ದು ಅಕ್ಕ. ದೇವರಾಣೆ, ಒಳ್ಳೇದಾಗ್ಲಿ ಅಂತ." ಬಾಯಿಗೆ ಬಂದ ಹಾಗೆ ಬೈಯಬೇಕು ಅನಿಸಿತು ಕುಶಲಾಳಿಗೆ. ಮುದುಕನ ಕಣ್ಣು ನೋಡಿದಳು, ಬೈಯಲಾಗಲಿಲ್ಲ. "ಒಂದು ಮಾತು ಕೇಳ್ಬೇಕಿತ್ತಲ್ಲ ಅಣ್ಣ," ಎಂದಳು.

ಯಶ್ಮಿತಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ತಾಯಿಯ ಸೆರಗು ಹಿಡಿದು ಮೆಲ್ಲನೆ ಕೇಳಿದಳು: "ಅಮ್ಮ, ಇನ್ನು ನಾವು ಹೋಟೆಲಿಗೆ ಬರ್ಲಿಕ್ಕಿಲ್ವಾ?"

ಕುಶಲಾ ಮಗಳ ಗಲ್ಲಕ್ಕೆ ಅಂಟಿದ್ದ ಸಕ್ಕರೆಯ ನೀರನ್ನು ಬೆರಳಿನಿಂದ ಒರೆಸಹೋದಳು. ಒರೆಸಿದಷ್ಟೂ ಅಂಟು ಹುಡುಗಿಯ ಕೆನ್ನೆಯ ತುಂಬ ಹರಡುತ್ತ ಹೋಯಿತು.