ತವರಿನ ಕೊನೆಯ ಸೀರೆ

ಹಿತ್ತಲಲ್ಲಿ ಪದ್ಮವ್ವನ ಹೆಣಕ್ಕೆ ನೀರು ಹಾಕಲು ಹೆಂಗಸರು ಮರೆ ಕಟ್ಟುತ್ತಿದ್ದರೆ, ಒಳಗೆ ಅವಳ ಅಣ್ಣ ಭೂಪಾಲ ಟ್ರಂಕಿನ ಕೀಲಿ ಒಡೆಯುತ್ತಿದ್ದ. ಸಪ್ಪಳ ಹೊರಗೆ ಕೇಳಬಾರದೆಂದು ಕೀಲಿಗೆ ಟವೆಲ್ ಸುತ್ತಿ ಕಲ್ಲಿನಿಂದ ಕುಟ್ಟುತ್ತಿದ್ದ. ಎಂಥ ಜಾಣತನ! ನಿಪ್ಪಾಣಿಯ ಆ ಎರಡು ಖೋಲಿಯ ಮನೆಯಲ್ಲಿ ಒಲೆ ಊದಿದರೂ ಗೋಡೆಯಾಚೆ ಕೇಳಿಸುತ್ತಿತ್ತು.

ಪದ್ಮವ್ವನಿಗೆ ಮಕ್ಕಳಿರಲಿಲ್ಲ. ಗಂಡ ಶಾಂತಿನಾಥ ಇಚಲಕರಂಜಿಯಲ್ಲಿ ಇನ್ನೊಂದು ಸಂಸಾರ ಹೂಡಿ ಹದಿನೈದು ವರ್ಷವಾಗಿತ್ತು. ಇನ್ನು ಅವಳೇ ದುಡಿದು ಕೊಂಡ ಈ ಮನೆ ತನಗಲ್ಲದೆ ಯಾರಿಗೆ? ಬೆಳಗ್ಗೆ ಸುದ್ದಿ ಮುಟ್ಟಿದ್ದೇ ತಡ, ಭೂಪಾಲ ಐನಾಪುರದಲ್ಲಿ ಬಸ್ಸು ಹತ್ತಿದ್ದ. ಮನೆಗೆ ಹಾಕಲೆಂದು ಚೀಲದಲ್ಲಿ ಹೊಸ ಕೀಲಿ ಇಟ್ಟುಕೊಂಡಿದ್ದ. ನೆರೆಯವರು ಕೈ ಹಾಕುವ ಮೊದಲೇ ಕಾಗದಪತ್ರ ಹುಡುಕಿಕೊಳ್ಳಬೇಕೆಂಬುದು ಅವನ ಅವಸರ.

ಟ್ರಂಕಿನ ಕೀಲಿ ಕಳಚಿ ಬಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಕಾಳವ್ವ ಬಾಗಿಲಿಗೆ ಬಂದಳು. ತಂಬಾಕಿನ ವಖಾರಿಯಲ್ಲಿ ಪದ್ಮವ್ವನ ಮಗ್ಗುಲಿಗೇ ಕುಳಿತು ಹದಿನಾಲ್ಕು ವರ್ಷ ಎಲೆ ಆರಿಸಿದವಳು. ಟ್ರಂಕನ್ನು ನೋಡಿದಳು, ಕಲ್ಲನ್ನು ನೋಡಿದಳು.

"ನೀರು ಹಾಕಿದಿವ್ರಿ ಅಣ್ಣಾರ. ತವರು ಸೀರಿ ಕೊಡ್ರಿ."

ಹೆಣ್ಣುಮಗಳು ತೀರಿಕೊಂಡರೆ ಕೊನೆಯ ಸೀರೆ ತವರಿನಿಂದಲೇ ಬರಬೇಕು. ಅದನ್ನು ಉಡಿಸದೆ ಹೆಣ ಎತ್ತುವುದಿಲ್ಲ. ಹೊಟ್ಟೆಗಿಲ್ಲದ ಅಣ್ಣನೂ ಸಾಲ ಮಾಡಿಯಾದರೂ ತರುತ್ತಾನೆ. ಈ ಮಹಾರಾಯ ಕೀಲಿ ತಂದಿದ್ದ, ಸೀರೆ ಮರೆತಿದ್ದ.

ತರ್ತೀನಿ ನಡಿ ಎಂದು ಅವಳನ್ನು ಸಾಗಹಾಕಿ, ಟ್ರಂಕಿನ ಮುಚ್ಚಳ ತೆಗೆದ. ಮೇಲೆಯೇ ಒಂದು ಹಸಿರು ಸೀರೆ ಇತ್ತು. ಒಮ್ಮೆಯೂ ಉಟ್ಟಿರಲಿಲ್ಲ, ಅಂಗಡಿಯ ಮಡಿಕೆ ಹಾಗೇ ಇತ್ತು. ಅವನಿಗೆ ಕೂಡಲೇ ಗುರುತು ಸಿಕ್ಕಿತು.

*

ಎಂಬತ್ತೊಂದರ ಬೇಸಿಗೆ. ಅಪ್ಪ ತೀರಿ ಮೂರು ತಿಂಗಳಾಗಿತ್ತು. ಭೂಪಾಲ ತಂಗಿಯನ್ನು ಅಥಣಿಯ ನೋಂದಣಿ ಕಚೇರಿಗೆ ಕರೆದೊಯ್ದು, ಅವಳ ಉಡಿಯಲ್ಲಿ ಈ ಸೀರೆ ಹಾಕಿದ್ದ.

"ಹೊಲದ ಉತಾರದಾಗ ನಿನ್ನ ಹೆಸರೂ ಹಚ್ಚಸ್ತೀನಿ. ಇಲ್ಲೊಂದ್ ಹೆಬ್ಬಟ್ಟ ಒತ್ತವಾ."

ಅದು ಹೆಸರು ಹಚ್ಚುವ ಕಾಗದವಾಗಿರಲಿಲ್ಲ, ಹೆಸರು ತೆಗೆಯುವ ಕಾಗದ. ಅಪ್ಪನ ಆಸ್ತಿಯಲ್ಲಿ ನನಗೆ ಪಾಲು ಬೇಡ ಎಂದು ಬರೆದುಕೊಡುವ ಹಕ್ಕುಸೋಡ ಪತ್ರ. ಅಕ್ಕತಂಗಿಯರಿಗೆ ಸೀರೆ ಉಡಿಸಿ ಹಕ್ಕು ಬಿಡಿಸಿಕೊಳ್ಳುವುದು ಆ ಸೀಮೆಗೆ ಹೊಸದೇನಲ್ಲ. ಉಳಿದ ಅಣ್ಣಂದಿರು ಕೇಳಿ ಬಿಡಿಸಿಕೊಳ್ಳುತ್ತಿದ್ದರು, ಇವನು ಸುಳ್ಳು ಹೇಳಿ ಬಿಡಿಸಿಕೊಂಡ.

ಗಂಡ ಬಿಟ್ಟವಳಿಗೆ ಅಣ್ಣ ಹೊಲದಲ್ಲಿ ಪಾಲು ಕೊಡುತ್ತಿದ್ದಾನೆಂದು ಪದ್ಮವ್ವನ ಕಣ್ಣು ತುಂಬಿದ್ದವು. ಆ ಸಂಭ್ರಮದಲ್ಲಿ ಹೆಬ್ಬೆಟ್ಟಿನ ಶಾಯಿಯನ್ನು ಹೊಸ ಸೀರೆಯ ಸೆರಗಿಗೇ ಒರೆಸಿಕೊಂಡಳು. ಸೀರೆ ಕೆಡಿಸಿದೆಯಲ್ಲ ಎಂದು ಅವನು ಗದರಿದರೆ ನಕ್ಕಳು.

"ಇರ್ಲಿ ಬಿಡಣ್ಣಾ. ಅಪ್ಪನ ಹೊಲದ ಗುರುತ."

*

ಸೀರೆ ಕೈಯಲ್ಲಿ ಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದಾಗಲೇ ವಕೀಲರಾದ ಸುಗಂಧಾಬಾಯಿ ಒಳಗೆ ಬಂದರು. ಬಡವರ ಪರವಾಗಿ ಪುಕ್ಕಟೆ ವಾದಿಸುವ ಊರಿನ ಕಾನೂನು ನೆರವಿನ ಸಂಸ್ಥೆಯವರು. ಶಾಂತಿನಾಥನಿಂದ ಪದ್ಮವ್ವನಿಗೆ ಹೊಟ್ಟೆಪಾಡಿಗೆ ತಿಂಗಳ ಪೋಟಗಿ ಹಣ ಕೊಡಿಸಿದವರು ಅವರೇ. ಕೋರ್ಟು ಹತ್ತಿದರೆ ಮನೆತನದ ಮರ್ಯಾದೆ ಹೋಗುತ್ತದೆಂದು ಆಗ ಬೆನ್ನು ತಿರುಗಿಸಿದವನು ಭೂಪಾಲ.

ಅವರು ಒಡೆದ ಕೀಲಿಯ ಕಡೆ ನೋಡದೆ ಮಾತು ಶುರುಮಾಡಿದರು. ಪದ್ಮವ್ವ ಮೂರು ವರ್ಷದ ಹಿಂದೆಯೇ ಮೃತ್ಯುಪತ್ರ ಮಾಡಿ, ಈ ಮನೆಯನ್ನು ಸಂಸ್ಥೆಗೆ ಬರೆದಿದ್ದಳು. ಸಂತೆಯ ದಿನ ಹಳ್ಳಿಯ ಹೆಂಗಸರು ಕಾಗದ ಹಿಡಿದು ಬಂದರೆ, ಹೆಬ್ಬೆಟ್ಟು ಒತ್ತುವ ಮೊದಲು ಓದಿ ಹೇಳುವವರೊಬ್ಬರು ಇಲ್ಲಿ ಕುಳಿತಿರಬೇಕು. ಅವಳು ಕೇಳಿಕೊಂಡಿದ್ದು ಅಷ್ಟೇ.

ಭೂಪಾಲ ಕೈಯಲ್ಲಿದ್ದ ಸೀರೆಯ ಕಡೆ ನೋಡುತ್ತ ಕೇಳಿದ. "ಆ ಹಕ್ಕುಸೋಡದ್ದು... ಅಕಿಗೆ ಗೊತ್ತಿತ್ತೇನ್ರಿ?"

"ಎಂಬತ್ತನಾಲ್ಕರಾಗ ನಾನ ಓದಿ ಹೇಳಿದ್ನಿರಿ. ದಾವಾ ಹಾಕೂಣು ಅಂದ್ರ ಒಪ್ಪಲಿಲ್ಲ. 'ಅಣ್ಣನ ಮ್ಯಾಲ ಹಾಕಿದ್ರ ಪಂಚಮಿಗೆ ಎಲ್ಲಿಗೆ ಹೋಗ್ಲ್ರಿ ಬಾಯಾರ' ಅಂದ್ರು."

ಆಮೇಲೆ ಹತ್ತು ಪಂಚಮಿ. ಹತ್ತು ವರ್ಷವೂ ಅವಳು ಶೇಂಗಾದ ಉಂಡಿ ಕಟ್ಟಿಕೊಂಡು ಐನಾಪುರಕ್ಕೆ ಬಂದಿದ್ದಳು. ಅವನ ಮಕ್ಕಳ ತಲೆ ಸವರಿ, ಕಬ್ಬು ಹೇಗಿದೆ ಎಂದು ಕೇಳಿ, ಹೊಲದ ಬದುವಿನವರೆಗೆ ನಡೆದು ನೋಡಿ ಬರುತ್ತಿದ್ದಳು. ಪಾಪ, ಇವಳಿಗೇನೂ ತಿಳಿಯುವುದಿಲ್ಲ ಎಂದು ಅವನು ಪ್ರತಿ ಸಲವೂ ಒಳಗೊಳಗೇ ನಿರಾಳನಾಗಿದ್ದ. ಈಗ ಆ ನಿರಾಳವನ್ನು ನೆನೆದು ಅವನಿಗೆ ಮೈಯೆಲ್ಲ ಹೇಸಿಗೆಯಾಯಿತು.

ಹೊತ್ತಾಯಿತೆಂದು ಕಾಳವ್ವ ಮತ್ತೆ ಬಂದಳು. ಮರೆತೆ ಎಂದು ಹೇಳಲು ಭೂಪಾಲನಿಗೆ ನಾಲಿಗೆ ಏಳಲಿಲ್ಲ. ಕೈಯಲ್ಲಿದ್ದುದನ್ನೇ ಚಾಚಿದ.

"ಇದ... ತವರು ಸೀರಿ."

ಕಾಳವ್ವ ಆ ಸೀರೆಯನ್ನು ಬಲ್ಲವಳು. ಪ್ರತಿ ದೀಪಾವಳಿಗೆ ಪದ್ಮವ್ವ ಅದನ್ನು ಬಿಸಿಲಿಗೆ ಹಾಕಿ ಮತ್ತೆ ಅದೇ ಮಡಿಕೆಗೆ ಮಡಚುವಾಗ ಒಂದು ತುದಿ ಹಿಡಿದವಳು. ಅವನ ಮುಖವನ್ನು ಒಂದು ಗಳಿಗೆ ನೋಡಿ ಸೀರೆ ಇಸಿದುಕೊಂಡಳು. ಹಿತ್ತಲಿಗೆ ಹೋಗಿ, ತವರು ಸೀರೆ ಬಂತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಪಾದ ಮುಟ್ಟಲು ಕರೆದಾಗ ಭೂಪಾಲ ಹೋಗಿ ಬಾಗಿದ. ಎದೆಯ ಮೇಲೆ ಹರವಿದ ಹಸಿರು ಸೆರಗಿನ ನಡುವೆ, ಹದಿಮೂರು ವರ್ಷ ಮಡಿಕೆಯೊಳಗಿದ್ದ ನೀಲಿ ಶಾಯಿಯ ಹೆಬ್ಬೆಟ್ಟಿನ ಗುರುತು ಮಾಸದೆ ಹಾಗೇ ಕುಳಿತಿತ್ತು. ಯಾರಾದರೂ ಕಂಡಾರೆಂದು ಅವನ ಕೈ ತಾನಾಗಿಯೇ ಮುಂದೆ ಹೋಗಿ ಸೆರಗಿನ ಅಂಚನ್ನು ಅದರ ಮೇಲೆ ಮಡಚಿತು.

ಕಾಳವ್ವ ಅವನ ಕೈ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಸೆರಗನ್ನು ಮತ್ತೆ ಬಿಡಿಸಿ ಹರವಿದಳು.