ಹಿಂದಿನ ಸೀಟಿಗೆ ಕೇಳಿಸದ ಮಾತು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದರಲ್ಲೇ ನನಗೂ ವಿಜಯಕುಮಾರನಿಗೂ ಜಗಳ. ಅವನ ಪ್ರಕಾರ ಕಾರು ತೊಳೆಯುವುದರಿಂದ. ನನ್ನ ಪ್ರಕಾರ ಹೊಟ್ಟೆಕಿಚ್ಚಿನಿಂದ.

"ಹೊಟ್ಟಿಕಿಚ್ಚು ಎಲ್ಲಿ ಅದ ಸರ್? ನಾ ಕಾರ್ ತೊಳೀಲಾಕತ್ತೀನಿ, ಅಷ್ಟ," ಎನ್ನುತ್ತಾನೆ.

ಸರಿಯಪ್ಪ, ನಿನ್ನ ಇಷ್ಟದಂತೆಯೇ ಆಗಲಿ: ವಿದ್ಯಾರಣ್ಯಪುರದ ಒಂದು ಮನೆಯ ಮುಂದೆ, ಶನಿವಾರ ಬೆಳಿಗ್ಗೆ, ವಿಜಯಕುಮಾರ ತನ್ನ ಹಳೆಯ ಬಿಳಿ ಕಾರನ್ನು ತೊಳೆಯುತ್ತಿದ್ದ. ಎಳೆಬಿಸಿಲು ಬಾನೆಟ್ಟಿನ ಮೇಲೆ ಬಿದ್ದು...

(ಬೇಡ. ಎಳೆಬಿಸಿಲು ಬಿದ್ದ ಕೂಡಲೇ ನೀವು ಮೊಬೈಲ್ ಕೈಗೆತ್ತಿಕೊಳ್ಳುತ್ತೀರಿ. ಆ ಡ್ರಾಫ್ಟ್ ಬಿಟ್ಟೆ.)

೨

ನೇರವಾಗಿ ಹೇಳುತ್ತೇನೆ. ವಿಜಯಕುಮಾರ ಆಳಂದದವನು. ಯಲಹಂಕದ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್. ಹೆಂಡತಿ ಪ್ರತಿಭಾ ಸೇಡಂನವಳು, ಆರ್.ಟಿ. ನಗರದಲ್ಲಿ ಬ್ಯಾಂಕಿನ ಕೆಲಸ. ಮದುವೆಗೆ ಮೊದಲೇ ಅವನು ಕೊಂಡಿದ್ದ ಕಾರು ಅದು. ಮದುವೆಯಾದ ಮೇಲೆ ಅವಳನ್ನು ಬೆಂಗಳೂರಿಗೆ ಕರೆತಂದದ್ದು ಅದರಲ್ಲೇ. ಅವಳಿಗೆ ಡ್ರೈವಿಂಗ್ ಕಲಿಸಿದ್ದೂ ಅದರಲ್ಲೇ. ಕಲಿಸಿದ್ದೇ ತಪ್ಪಾಯಿತೇನೋ. ಈಗ ಅವಳು ಅವನಿಗಿಂತ ಚೆನ್ನಾಗಿ ಓಡಿಸುತ್ತಾಳೆ. ಹೋದ ತಿಂಗಳು ಮ್ಯಾನೇಜರ್ ಆದಳು. ತನ್ನ ಹೆಸರಿನಲ್ಲೇ ಹೊಸ ಕಾರು ಬುಕ್ ಮಾಡಿ ಬಂದು, "ಹಳೇದು ಮಾರಿಬಿಡೋಣ್ರಿ, ಎರಡು ನಿಲ್ಸಾಕ ಜಾಗ ಎಲ್ಲದ?" ಎಂದಳು.

ಜಾಗವೇನೋ ಇರಲಿಲ್ಲ, ನಿಜ. ಆದರೆ ಶೋರೂಮಿನಲ್ಲಿ ಹೊಸ ಕಾರಿನ ಸ್ಟಿಯರಿಂಗ್ ಹಿಡಿದು ಕೂತ ಅವಳ ಫೋಟೋ ನೋಡಿದಾಗಿನಿಂದ ಅವನಿಗೆ ಎದೆಯಲ್ಲಿ ಏನೋ ಮುಳ್ಳಾಡಿದಂತೆ ಆಗುತ್ತಿತ್ತು. ತನ್ನ ಕಾರಿನಲ್ಲಿ ಅವಳು ಹಾಗೆ ನಕ್ಕದ್ದು ಯಾವಾಗ?

(ಹೊಟ್ಟೆಕಿಚ್ಚು ಎಲ್ಲಿದೆ ಅಂದೆಯಲ್ಲಪ್ಪ, ಇದೇನು? "ಇದು ಬ್ಯಾರೆ ಸರ್," ಎನ್ನುತ್ತಾನೆ. ಇರಲಿ.)

೩

ಆದರೂ ಮನಸ್ಸಿಟ್ಟು ಕೆಲಸ ಮಾಡಿದ. ಸೀಟುಗಳ ಸಂದಿಯಿಂದ ಶೇಂಗಾ ಸಿಪ್ಪೆ, ಹೇರ್‌ಪಿನ್ನು, ಗಾಣಗಾಪುರದ ವಿಭೂತಿ ಪೊಟ್ಟಣ ಹೊರಬಂದವು. ಊರಿನಿಂದ ಬರುವಾಗ ತುಂಬಿಕೊಂಡು ಬಂದ ರೊಟ್ಟಿ ಬುತ್ತಿಯ ವಾಸನೆ ಡಿಕ್ಕಿಯಲ್ಲಿ ಇನ್ನೂ ಕೂತಿತ್ತು. ಅಡಿಗೆ ಸೋಡಾ ಹಾಕಿ ತಿಕ್ಕಿದ. ಅಮೃತಹಳ್ಳಿಯ ಗ್ಯಾರೇಜಿನ ಪಿಳ್ಳಪ್ಪನ ಹತ್ತಿರ ಒಯ್ದು ಬಾಗಿಲಿನ ಗೀರಿಗೆ ಬಣ್ಣ ಬಳಿಸಿದ.

"ಇಂದ್ಗಡೆ ಗ್ಲಾಸ್ ಪೂರ್ತಿ ಮೇಲಕ್ಕೆ ಬರ್ತಿಲ್ಲ ಸಾರ್, ಮೋಟ್ರು ಓಗೈತೆ," ಎಂದ ಪಿಳ್ಳಪ್ಪ.

"ಅದು ಇರ್ಲಿ ಬಿಡಪ್ಪ. ಹಿಂದ ಯಾರ್ ಕುಂದ್ರತಾರ?"

"ಅಂಗಾದ್ರೆ ಒಂದ್ ಮಾತು. ಬಂದೋರ್ ಕೇಳಿದ್ರೆ ಏಳಿ, ಕೇಳ್ದಿದ್ರೆ ಸುಮ್ನಿರಿ. ಗಾಡಿ ತೋರ್ಸೋದು ಅಂದ್ರೆ ಎಣ್ಣು ತೋರ್ಸ್ದಂಗೆ ಸಾರ್. ಅಲಂಕಾರ ಮಾಡ್ಬೇಕು, ಸುಳ್ಳೇಳ್ಬಾರ್ದು, ಎಲ್ಲಾನೂ ಏಳ್ಬಾರ್ದು."

(ಈ ಹೋಲಿಕೆಗೆ ಪ್ರತಿಭಾಳ ತೀವ್ರ ಆಕ್ಷೇಪವಿದೆ. "ಲೇಖಕರ, ಅದನ್ನ ತಗೀರಿ," ಎಂದಳು. "ಪಿಳ್ಳಪ್ಪ ಅಂದದ್ದಮ್ಮ, ನಾನಲ್ಲ," ಎಂದೆ. "ಪಿಳ್ಳಪ್ಪನ ಬಾಯಾಗ ಇಟ್ಟವ್ರು ಯಾರು?" ಎಂದಳು. ನೀವು ಆ ಸಾಲು ಓದಿಲ್ಲ ಅಂದುಕೊಳ್ಳಿ.)

೪

ಫೋಟೋ ತೆಗೆದು ಹಳೆ ಕಾರು ಮಾರುವ ಆ್ಯಪಿಗೆ ಹಾಕಿದರು. ಸಂಜೆ ಪ್ರತಿಭಾ ಒಗ್ಗರಣೆಗೆ ಎಣ್ಣೆ ಇಟ್ಟು, ಬಂದ ಮೆಸೇಜುಗಳನ್ನು ನೋಡುತ್ತಿದ್ದವಳು ನಕ್ಕಳು.

"ರೀ, ಇಲ್ನೋಡ್ರಿ. ನಿರಂಜನ್ ಅಂತ. ಶಹಾಬಾದದವ್ರು, ಫೋಟೋ ನೋಡಿ ಗುರ್ತ ಹಿಡದೆ. ಇವ್ರು ನಿಮಗಿಂತ ಮೊದ್ಲು ನನ್ನ ನೋಡ್ಲಾಕ ಬಂದಿದ್ರು!"

"ನೋಡ್ಲಾಕ ಅಂದ್ರ?"

"ನೋಡ್ಲಾಕ ಅಂದ್ರ ನೋಡ್ಲಾಕ. ಕನ್ಯಾ ನೋಡ್ಲಾಕ."

"ಮತ್ತ ಏನಾತು?"

"ಆಗ್ಲಿಲ್ಲ. ಆಗಿದ್ರ ನೀವ್ಯಾಕ ಇಲ್ಲಿ ಇರ್ತಿದ್ರಿ?" ಎಂದು ಸಾಸಿವೆ ಹಾಕಿದಳು. "ಹೆಂಡ್ತಿ ಡ್ರೈವಿಂಗ್ ಕಲೀಲಾಕ ಹಳೇ ಕಾರು ಬೇಕಂತ. ನಾಳೆ ಬರ್ಲಿ ಅಂದೀನಿ."

ಹನ್ನೆರಡು ವರ್ಷದ ಸಂಸಾರದಲ್ಲಿ ಈ ಹೆಸರು ಅವನ ಕಿವಿಗೆ ಬಿದ್ದಿರಲಿಲ್ಲ. ಊಟಕ್ಕೆ ಕೂತಾಗ ಕೇಳಿದ, "ಅಂವ ಹ್ಯಾಂಗಿದ್ದ?" "ಯಾರು?" ಎಂದಳು. ಯಾರು ಎಂದು ಗೊತ್ತಿದ್ದೂ ಯಾರು ಎಂದು ಕೇಳುವವರ ಧ್ವನಿ ಹೇಗಿರುತ್ತದೆ ಎಂದು ಅವನು ಬಹಳ ಹೊತ್ತು ಯೋಚಿಸಿದ. ಅನ್ನ ಆರಿತು.

೫

ನಿರಂಜನ್ ಬರುವ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು. ಅವನು ನೋಡಲಿಕ್ಕೆ ಹೇಗಿರಬೇಕು?

ವಿಜಯಕುಮಾರ ನನ್ನ ಕೈ ಹಿಡಿದುಕೊಂಡ. "ಸರ್, ಬೋಳತಲಿ ಮಾಡ್ರಿ. ಹೊಟ್ಟಿ ಇರ್ಲಿ. ನಿಮಗೇನು, ಒಂದು ಸಾಲು ಬರದ್ರ ಆತು." ಪಾಪ ಅನ್ನಿಸಿ ಬರೆದೆ. ಎರಡನೇ ಡ್ರಾಫ್ಟಿನಲ್ಲಿ ನಿರಂಜನ್ ಬೋಳುತಲೆಯವನಾಗಿ, ಏದುಸಿರು ಬಿಡುತ್ತ ಬಂದ. ಕಥೆ ಅಲ್ಲೇ ಮಲಗಿತು. ಬೋಳುತಲೆಯವನನ್ನು ಕಂಡು ವಿಜಯಕುಮಾರ ಖುಷಿಯಾಗಿ ಟೀ ಕೊಟ್ಟು ಕಾರು ಮಾರಿಬಿಟ್ಟ.

ಹಾಗಾಗಿ ಕ್ಷಮಿಸು ವಿಜಯಕುಮಾರ: ಭಾನುವಾರ ಗೇಟಿನ ಹತ್ತಿರ ಬಂದು ನಿಂತವನು ಎತ್ತರದವನು. ತಲೆತುಂಬ ಕೂದಲು, ಕಿವಿಯ ಹತ್ತಿರ ಮಾತ್ರ ಹದವಾದ ಬಿಳಿ. ಇಸ್ತ್ರಿ ಮಾಡಿದ ಕಾಟನ್ ಶರ್ಟು.

ಮನೆಯೊಳಗಿನಿಂದ ಪ್ರತಿಭಾ ಇಳಕಲ್ ಸೀರೆ ಉಟ್ಟು ಬಂದಳು.

"ಕಾರ್ ತೋರ್ಸ್ಲಾಕ ಇಳಕಲ್ ಸೀರಿ ಯಾಕ?" ಎಂದು ವಿಜಯಕುಮಾರ ಪಿಸುಗುಟ್ಟಿದ.

"ಯಾಕ, ಉಡಬಾರ್ದೇನು?"

ನಿರಂಜನ್ ಕೈಮುಗಿದ. "ನಮಸ್ಕಾರ್ರೀ ಸರ್. ನಮಸ್ಕಾರ ಮೇಡಂ."

ಮೇಡಂ! ಎಂಥ ನಾಟಕ ಎಂದುಕೊಂಡ ವಿಜಯಕುಮಾರ.

೬

ಇನ್ನು ನಡೆದದ್ದನ್ನು ಕೇಳಿದರೆ ಪಿಳ್ಳಪ್ಪ ತಲೆ ಚಚ್ಚಿಕೊಂಡಾನು. ನಿರಂಜನ್ ಬಾನೆಟ್ ಮುಟ್ಟಿ "ಚಲೋ ಇಟ್ಟೀರಿ" ಅನ್ನುವಷ್ಟರಲ್ಲೇ ವಿಜಯಕುಮಾರ ಶುರು ಮಾಡಿದ.

"ಮ್ಯಾಲ ಅಷ್ಟ ಚಲೋ ರೀ. ಈ ಬಾಗಲಾ ನೋಡ್ರಿ, ನಿನ್ನೆ ಬಣ್ಣ ಹಚ್ಚಿಸೀನಿ, ಒಳಗ ತುಕ್ಕು ಅದ. ಒಮ್ಮೆ ಮಳ್ಯಾಗ ಹೆಬ್ಬಾಳದಾಗ ನೀರು ಹೊಕ್ಕಿತ್ತು. ಕ್ಲಚ್ ಹೋಗ್ಲಾಕ ಬಂದದ. ಹಿಂದಿನ ಗ್ಲಾಸ್ ಏರೂದಿಲ್ಲ. ಎ.ಸಿ. ಹಾಕಿದ್ರ ಏರಿನ್ಯಾಗ ಗಾಡಿ ಅಳತದ."

ಪ್ರತಿಭಾ ಕಣ್ಣರಳಿಸಿ ನೋಡುತ್ತಿದ್ದಳು. ಕಾರು ಕೊಂಡ ದಿನದಿಂದ ಅದರ ಒಂದು ಕುಂದನ್ನೂ ಒಪ್ಪಿಕೊಳ್ಳದವನು ಅವನು.

(ಮನುಷ್ಯನನ್ನು ಸತ್ಯವಂತನನ್ನಾಗಿ ಮಾಡುವ ಶಕ್ತಿ ಹೊಟ್ಟೆಕಿಚ್ಚಿಗಿದೆ ಎಂದು ಯಾವ ವಚನಕಾರರೂ ಹೇಳಿಲ್ಲ. ನಾನು ಹೇಳುತ್ತಿದ್ದೇನೆ. ಬರೆದಿಟ್ಟುಕೊಳ್ಳಬೇಡಿ.)

ಆದರೆ ನಿರಂಜನ್‌ನ ಮುಖ ಅರಳಿತು. "ಸರ್, ಈ ಊರಾಗ ಎಷ್ಟೋ ಗಾಡಿ ನೋಡೀನಿ. ನಿಮ್ಮಂಗ ಖರೇ ಹೇಳ್ದವ್ರು ಒಬ್ರೂ ಇಲ್ಲ. ನನಗ ಇದ ಬೇಕು. ಒಂದು ರೌಂಡ್ ಹೋಗೋಣೇನು? ಓಡ್ಸೋದು ನನ್ನ ಹೆಂಡ್ತಿ, ಅದಕ್ಕ ಮೇಡಂ ಓಡ್ಸಿದ್ರ ಚಲೋ. ನಾ ಬಾಜೂಕ ಕುಂತು ಎಂಜಿನ್ ಸಪ್ಪಳ ಕೇಳ್ತೀನಿ."

ಹೀಗೆ ವಿಜಯಕುಮಾರ, ತನ್ನ ಕಾರಿನಲ್ಲಿ, ಹಿಂದಿನ ಸೀಟಿಗೆ ಹೋದ.

೭

ಆ ಸೀಟಿನಲ್ಲಿ ಅವನು ಎಂದೂ ಕೂತಿರಲಿಲ್ಲ. ಅಲ್ಲಿಂದ ಎರಡು ತಲೆ ಕಾಣುತ್ತಿದ್ದವು, ನಡುವೆ ರಸ್ತೆ. ಕೊಡಿಗೇಹಳ್ಳಿ ಗೇಟ್ ದಾಟಿ ಏರ್‌ಪೋರ್ಟ್ ರಸ್ತೆ ಸೇರುತ್ತಿದ್ದಂತೆ ಪ್ರತಿಭಾ ವೇಗ ಹೆಚ್ಚಿಸಿದಳು. ಅರ್ಧ ಇಳಿದೇ ಉಳಿದ ಗ್ಲಾಸಿನಿಂದ ಗಾಳಿ ಭೋರೆಂದು ನುಗ್ಗಿತು. ಮುಂದೆ ಅವಳು ಏನೋ ಕೇಳಿದಳು. ನಿರಂಜನ್ ಏನೋ ಹೇಳಿದ. ಅವಳು ಅವನ ಕಡೆ ತಿರುಗಿ ಮತ್ತೆ ಏನೋ ಕೇಳಿದಳು. "...ಶಹಾಬಾದ..." ಎಂದದ್ದು ಕೇಳಿತು. "...ಆ ವರ್ಷ..." ಎಂದದ್ದು ಕೇಳಿತು. ನಿರಂಜನ್ ನಕ್ಕ. ಅವಳ ತಲೆ ಮಾತ್ರ ರಸ್ತೆಯ ಕಡೆಗೇ ನೆಟ್ಟು ನಿಂತಿತು.

ವಿಜಯಕುಮಾರ ಮುಂದಕ್ಕೆ ಬಾಗಿದ. "ಏನಂದ್ರಿ?"

"ಏನಿಲ್ಲ!" ಎಂದಳು ಪ್ರತಿಭಾ, ಗಾಳಿಯ ಮೇಲೆ ಕೂಗಿ.

ಹುಣಸಮಾರನಹಳ್ಳಿಯ ಹತ್ತಿರ ಯೂ ಟರ್ನ್ ತೆಗೆದುಕೊಳ್ಳುವಾಗ, ಅವಳು ಬೇಕೆಂದೇ ನಿಧಾನ ಮಾಡುತ್ತಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು. ಮುಂದೆ ಟ್ಯಾಂಕರ್ ಲಾರಿ ಅಡ್ಡ ನಿಂತಿದ್ದು ಅವನಿಗೆ ಕಾಣಲಿಲ್ಲ. ತನ್ನ ಬೆರಳುಗಳೇ ಸೀಟಿನ ಕವರಿನ ಹೊಲಿಗೆ ಬಿಚ್ಚುತ್ತಿರುವುದೂ ಗೊತ್ತಾಗಲಿಲ್ಲ.

(ಅವರು ಏನು ಮಾತಾಡಿದರು ಎಂದು ನನ್ನನ್ನು ಕೇಳಬೇಡಿ. ನಾನೂ ಹಿಂದಿನ ಸೀಟಿನಲ್ಲೇ, ಅವನ ಪಕ್ಕದಲ್ಲೇ ಇದ್ದೆ. ಪ್ರತಿಭಾಳನ್ನು ಕೇಳಿದೆ. "ಅವ್ರಿಗೇ ಹೇಳಿಲ್ಲ, ನಿಮಗ ಹೇಳ್ತೀನೇನು?" ಎಂದಳು.)

೮

ಮನೆಯ ಮುಂದೆ ಇಳಿದು ನಿರಂಜನ್ ಹೇಳಿದ: "ನನಗಂತೂ ಪಸಂದ್ ಅದ. ಮನ್ಯಾಗ ಒಂದು ಮಾತು ಕೇಳಿ ಫೋನ್ ಮಾಡ್ತೀನಿ."

ಅವನು ತಿರುವಿನಲ್ಲಿ ಮರೆಯಾಗುವವರೆಗೆ ಪ್ರತಿಭಾ ಸ್ಟಿಯರಿಂಗ್ ಬಿಟ್ಟು ಇಳಿಯಲಿಲ್ಲ. ವಿಜಯಕುಮಾರ ಮುಂದಿನ ಬಾಗಿಲು ತೆಗೆದು ಅವಳ ಪಕ್ಕ ಕೂತ. ಸೀಟು ಇನ್ನೂ ಬೆಚ್ಚಗಿತ್ತು. ಅದೂ ಅವನಿಗೆ ಸೇರಲಿಲ್ಲ.

"ಭಾಳ ನಗ್ಲಾಕತ್ತಿದ್ರಿ ಇಬ್ರೂ."

"ಅವ್ರು ನಗ್ಲಾಕತ್ತಿದ್ರು."

"ಏನ್ ಮಾತಾಡಿದ್ರಿ?"

ಪ್ರತಿಭಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಹೇಳಿದಳು.

"ಶಹಾಬಾದದಿಂದ ಸೇಡಂಗೆ ಯಾವಾಗರ ಬಂದೀರೇನ್ರಿ ಅಂತ ಕೇಳ್ದೆ. ಬಂದೀನಿ, ಆ ವರ್ಷ ಕನ್ಯಾ ನೋಡ್ಲಾಕ ಊರೂರು ತಿರುಗೀನಿ, ಸೇಡಂನಾಗೂ ಒಂದು ನೋಡಿದ್ದೆ ಅಂತ ಕಾಣಸ್ತದ, ಯಾರ ಮನಿ ನೆನಪಿಲ್ಲ ಅಂದ್ರು. ಅಂದು ನಕ್ರು."

ವಿಜಯಕುಮಾರನಿಗೆ ಮೊದಲು ಆದದ್ದು ಸಂತೋಷ. ಸುಳ್ಳು ಹೇಳುವುದಿಲ್ಲ, ಹಬ್ಬದಂಥ ಸಂತೋಷ. ಅದು ಎದೆಯಿಂದ ಗಂಟಲಿಗೆ ಬರುವುದರೊಳಗೆ ಸಿಟ್ಟಾಗಿತ್ತು.

"ನೆನಪಿಲ್ಲಂತ? ನಿನ್ನ?"

"ಹೂಂ."

"ಎಂಥಾ ಮನ್ಷಾ ಅಂವ!"

"ಅವ್ರು ನೋಡಿ ಹೋದಾಗ ನಾ ಹೂಂ ಅಂದಿದ್ದೆ ರೀ," ಎಂದಳು ಪ್ರತಿಭಾ, ಎದುರಿನ ಗೋಡೆಯನ್ನೇ ನೋಡುತ್ತ. "ನಮ್ಮ ಮನ್ಯಾಗೂ ಹೂಂ ಅಂದಿದ್ರು. ಅವ್ರು ಫೋನ್ ಮಾಡ್ತೀವಿ ಅಂದು ಮಾಡ್ಲೇ ಇಲ್ಲ. ಭಾಳ ಅತ್ತಿದ್ದೆ. ಇವತ್ತ ಈ ಸೀರಿ ಉಟ್ಟು ಮುಂದ ನಿಂತ್ರ, ಅಯ್ಯ, ಅವತ್ತ ಸೇಡಂನಾಗ ನೋಡಿದ್ದು ಇವ್ರನ್ನೇ ಅಲ್ಲೇನು ಅಂತ ಒಮ್ಮೆ ಮಾರಿ ಸಣ್ಣದು ಮಾಡ್ಕೋತಾರ ಅನ್ಕೊಂಡಿದ್ದೆ. ಅಷ್ಟ. ಮತ್ತೇನಿಲ್ಲ."

೯

ಇಲ್ಲಿ ವಿಜಯಕುಮಾರ ಏನಾದರೂ ದೊಡ್ಡ ಮಾತು ಹೇಳಬೇಕಿತ್ತು. ನಾನು ಮೂರು ಮಾತು ಬರೆದುಕೊಟ್ಟೆ. ಮೂರನ್ನೂ ಓದಿ, "ಹಿಂಗ ಯಾರ್ ಮಾತಾಡ್ತಾರ ಸರ್?" ಎಂದು ವಾಪಸ್ ಕೊಟ್ಟ. ತಾನೇ ಹೇಳಿದ:

"ನನಗ ನೆನಪದ. ನಾ ಬಂದಾಗ ನೀ ಹಸಿರು ಸೀರಿ ಉಟ್ಟಿದ್ದಿ. ಕಿವಿ ಹಿಂದ ಪೌಡರ್ ಹಂಗ ಉಳದಿತ್ತು. ಉಪ್ಪಿಟ್ಟಿನ್ಯಾಗ ಉಪ್ಪ ಇರ್ಲಿಲ್ಲ."

"ಮತ್ತ ಅವತ್ತು ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಬ್ಯಾಡ ಅಂದ್ರ?"

ಪ್ರತಿಭಾ ಅವನ ಕಡೆ ತಿರುಗಿದಳು. ಹೇಳಲೋ ಬೇಡವೋ ಎಂದು ಅವಳ ತುಟಿ ಒಂದು ಸಲ ಕೂಡಿ ಬಿಟ್ಟಿತು.

"ಉಪ್ಪು ಬೇಕಂತಲೇ ಹಾಕಿರ್ಲಿಲ್ಲ. ನೀವು ಬ್ಯಾಡ ಅನ್ಲಿ ಅಂತ. ನೀವು ನೋಡಿದ್ರ ಎರಡನೇ ಸಲ ಹಾಕಿಸ್ಕೊಂಡು ತಿಂದ್ರಿ."

ಹನ್ನೆರಡು ವರ್ಷ ಅವನು ಅಡಿಗೆ ಬಾರದ ಹುಡುಗಿಯ ಕೈತಪ್ಪು ಎಂದು ಜೋಪಾನ ಮಾಡಿಕೊಂಡು ಬಂದಿದ್ದ ಆ ಸಪ್ಪೆ ಉಪ್ಪಿಟ್ಟು ಬೇರೊಬ್ಬನ ಫೋನಿಗೆ ಕಾಯುತ್ತ ಮಾಡಿದ್ದು. ಇಷ್ಟು ದಿನ ಪಟ್ಟ ಹೊಟ್ಟೆಕಿಚ್ಚೆಲ್ಲ ಇದರ ಮುಂದೆ ಮಕ್ಕಳಾಟ ಅನ್ನಿಸಿತು ಅವನಿಗೆ. ಆದರೆ ಯಾರ ಮೇಲೆ ಪಡುವುದು? ಆ ಮನುಷ್ಯನಿಗೆ ಇವಳು ಯಾರೆಂದೇ ಗೊತ್ತಿಲ್ಲ. ಪ್ರತಿಭಾ ಮಾತ್ರ ಹೇಳಿ ಮುಗಿಸಿ ನಕ್ಕಳು. ಬಾಯಿ ತುಂಬ, ಶೋರೂಮಿನ ಫೋಟೋದಲ್ಲಿ ಇಲ್ಲದ ಹಾಗೆ. ಜೊತೆಗೆ ನಗಲಿಕ್ಕೆ ಅವನಿಗೆ ಬಾಯಿ ಬರಲಿಲ್ಲ. ನಗದೆ ಇರಲಿಕ್ಕೂ ಆಗಲಿಲ್ಲ.

ಫೋನ್ ಹೊಡೆದುಕೊಂಡಿತು. ನಿರಂಜನ್.

"ಅಂವಗ ಕಾರ್ ಕೊಡೂದಿಲ್ಲ," ಎಂದ ವಿಜಯಕುಮಾರ.

"ಯಾಕ ಕೊಡೂದಿಲ್ಲ? ಅಂವ ಈಗ ಒಬ್ಬ ಗಿರಾಕಿ, ಅಷ್ಟ," ಎಂದು ಫೋನನ್ನು ಅವನ ಕೈಗಿಟ್ಟಳು. "ಕಾರ್ ನಿಮ್ದು. ನೀವ ಹೇಳ್ರಿ."

೧೦

ಮುಕ್ತಾಯಗಳು ನನ್ನ ಹತ್ತಿರ ಮೂರಿವೆ.

ಒಂದು: ಮಾರುತ್ತಾನೆ. ಮುಂದಿನ ವಾರ ಸಹಕಾರನಗರದಲ್ಲಿ ನಿರಂಜನ್‌ನ ಹೆಂಡತಿ ಮೊದಲ ಗೇರ್ ಹಾಕಲು ಒದ್ದಾಡುತ್ತಾಳೆ.

ಎರಡು: ಮಾರುವುದಿಲ್ಲ. ಮನೆಯ ಮುಂದೆ ಎರಡು ಕಾರು ನಿಂತು, ಅಕ್ಕಪಕ್ಕದವರೊಂದಿಗೆ ದಿನಾ ಜಗಳ.

ಮೂರನೆಯದು ನನಗೆ ಪ್ರಿಯವಾದದ್ದು. ವಿಜಯಕುಮಾರ ಫೋನಿನಲ್ಲಿ ಹೇಳುತ್ತಾನೆ: "ಸೇಡಂನಾಗ ನೀವು ನೋಡಿದ ಹುಡುಗಿ ಇಕಿನೇ ರೀ." ಬರೆಯಲು ಪೆನ್ನು ಎತ್ತಿದೆ.

ಪ್ರತಿಭಾ ಪೆನ್ನು ಹಿಡಿದುಕೊಂಡಳು. "ಅದೊಂದು ಬ್ಯಾಡ. ನೆನಪ ಮಾಡ್ರಿ ಅಂತ ಬೇಡ್ಕೊಂಡಂಗ ಆಗ್ತದ. ಮರತವ್ರು ಮರತ ಇರ್ಲಿ."

"ಮತ್ತೆ ಓದುಗರಿಗೆ ಏನು ಹೇಳಲಿ?"

"ನಿಮ್ಮ ಓದುಗರು ಕಾರ್ ತಗೋಳ್ಳೋರೇನು?" ಎಂದು ಇಳಿದು, ಸೆರಗು ಸರಿಮಾಡಿಕೊಂಡು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಫೋನ್ ಇನ್ನೂ ಹೊಡೆದುಕೊಳ್ಳುತ್ತಿದೆ. ವಿಜಯಕುಮಾರ ಹಸಿರು ಗುಂಡಿ ಒತ್ತಿ "ಹಲೋ, ಹೇಳ್ರೀ ನಿರಂಜನ್ ಅವ್ರ," ಎಂದ. ಆಮೇಲೆ ನನ್ನ ಕಡೆ, ನಿಮ್ಮ ಕಡೆ, ಒಂದು ಸಲ ನೋಡಿ, ಕಾರಿನ ಗ್ಲಾಸು ಏರಿಸಿಕೊಂಡ. ಮುಂದಿನ ಗ್ಲಾಸು, ಅದು ಪೂರ್ತಿ ಏರುತ್ತದೆ. ಒಳಗೆ ಅವನ ತುಟಿ ಆಡುತ್ತಿರುವುದು ಕಾಣುತ್ತಿದೆ. ಹಿಂದಿನದು ಅರ್ಧ ತೆರೆದೇ ಇದೆ, ಬೇಕಿದ್ದರೆ ಹೋಗಿ ಕಿವಿಗೊಡಬಹುದು. ನಾನು ಹೋಗುವುದಿಲ್ಲ. ನೀವೂ ಬನ್ನಿ, ಈ ಕಡೆ ನಿಂತುಕೊಳ್ಳೋಣ.