ಒಳಬಾಗಿಲಿಗೂ ಒಂದು ಚಿಲಕ

ಗೌಸಬಿಯ ಫೋನು ಬಂದಾಗ ಮಾಲಾಳ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಮೊಣಕೈಯಿಂದಲೇ ಸ್ಪೀಕರ್ ಒತ್ತಿ, ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು.

"ಮಾಲಾ, ನಿನ್ನಿ ನಿಮ್ಮ ಸಿಂದಗಿ ಬಸ್‌ಸ್ಟ್ಯಾಂಡಿನ್ಯಾಗ ಏನಾತು ಕೇಳಿಯೇನ?"

"ಇಲ್ಲ ಆಪಾ. ಏನಾತ್ರಿ?"

"ನಮ್ಮ ಗಾಡಿ ಮುಟ್ಟೂಕಿಂತ ಮೊದಲ, ನಾವು ಕರಕೊಂಡು ಬರಬೇಕಾಗಿದ್ದ ಹುಡುಗಿ ಗಂಡನ ಕಡಿಯಾಂವ ಬಂದು ನಿಂತಿದ್ದ. 'ನೆರಳಿನವರು ಕಳಿಸ್ಯಾರ, ಗಾಡಿ ಹತ್ರಿ' ಅಂದನಂತ. ನಮ್ಮ ಹೆಸರ ಹೇಳ್ಯಾನ ನೋಡು, ಕಳ್ಳ! ಪುಣ್ಯಾಕ ದನಿ ಗುರ್ತು ಹತ್ತಿ, ಆಕಿ ಹೆಣ್ಮಕ್ಕಳ ಗುಂಪಿನ್ಯಾಗ ಹೊಕ್ಕೊಂಡಾಳ. ಆಕಿ ಎಲ್ಲಿ ನಿಂದ್ರತಾಳ ಅನ್ನೂದು ಅಂವಗ ಹ್ಯಾಂಗ ಗೊತ್ತಾತು?"

ಮಾಲಾ ರೊಟ್ಟಿ ತಿರುವುವುದನ್ನು ಮರೆತಳು. 'ನೆರಳು' ಇಂಡಿ ಊರಿನ ಒಂದು ಸಣ್ಣ ಸಂಸ್ಥೆ. ಮನೆಯ ಹೊಡೆತ ತಾಳಲಾರದೆ ಹೊರಬಿದ್ದ ಹೆಂಗಸರನ್ನು ಗುಟ್ಟಾಗಿ ಕರೆತಂದು ಅಲ್ಲಿಯ ಒಂದು ಸುರಕ್ಷಿತ ಮನೆಯಲ್ಲಿ ಇರಿಸುವುದು ಅದರ ಕೆಲಸ. ಗೌಸಬಿ ಅಲ್ಲಿ ಹೆಂಗಸರ ಜೊತೆ ಮಾತಾಡುವವಳು. ಮಾಲಾ ಸಿಂದಗಿಯ ತನ್ನ ಮನೆಯಲ್ಲೇ ಕುಳಿತು ಅದರ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವಳು. ಯಾರು ಎಲ್ಲಿ ಗಾಡಿ ಹತ್ತುತ್ತಾರೆ ಎಂಬುದು ಅವಳು ಕಟ್ಟಿದ ವ್ಯವಸ್ಥೆಯೊಳಗೆ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

"ಇನ್ನೊಂದು ಕೇಳು," ಗೌಸಬಿಯ ದನಿ ಇಳಿಯಿತು. "ಈಗ ರೇವವ್ವ ಅನ್ನಾಕಿ ಮುದ್ದೇಬಿಹಾಳದಾಗ ಬಸ್ ಹತ್ಯಾಳ. ಕಂಕುಳಾಗ ಕೂಸು ಐತಿ. ಬಾಗೇವಾಡಿ ಸ್ಟ್ಯಾಂಡಿನ್ಯಾಗ ನಮ್ಮ ಡ್ರೈವರ್ ನಬಿಲಾಲ ಕಾಯಾಕತ್ತಾನ. ಆಕಿ ಮೈದುನ ಧರೆಪ್ಪ ಭಾಳ ಕೆಟ್ಟ ಮನಷ್ಯಾ. ಕೂಸಿನ ಕಸಗೊಂಡು ಈಕಿನ ಕಾಲ ಮುರೀತೇನಿ ಅಂದಾನ. ಅಂವಗೂ ಸುದ್ದಿ ಹೋಗಿದ್ರ?"

ಮಾಲಾ ಕೈ ತೊಳೆಯಲಿಲ್ಲ. ಹಿಟ್ಟಿನ ಬೆರಳಲ್ಲೇ ಲ್ಯಾಪ್‌ಟಾಪ್ ತೆರೆದಳು.

ನೆರಳಿನ ಕೆಲಸವೆಲ್ಲ ಎಲ್ಲೋ ದೂರದ ಬಾಡಿಗೆ ಕಂಪ್ಯೂಟರುಗಳಲ್ಲಿ, ಜನ ಕ್ಲೌಡ್ ಎಂದು ಕರೆಯುವ ಕಡೆ, ನಡೆಯುತ್ತಿತ್ತು. ಒಂದೇ ದೊಡ್ಡ ಪ್ರೋಗ್ರಾಮಿನ ಬದಲು ಕಂಟೇನರ್ ಎಂಬ ಸಣ್ಣ ಸಣ್ಣ ಡಬ್ಬಿಗಳು. ಒಂದು ಡಬ್ಬಿ ವಿಳಾಸ ಕಾಯುತ್ತದೆ, ಇನ್ನೊಂದು ಗಾಡಿ ಗೊತ್ತುಮಾಡುತ್ತದೆ, ಮತ್ತೊಂದು ಮೆಸೇಜ್ ಕಳಿಸುತ್ತದೆ. ಒಂದನ್ನೊಂದು ಕೇಳಿ, ಹೇಳಿ ಕೆಲಸ ಸಾಗಿಸುತ್ತವೆ. ಹೊರಬಾಗಿಲಿಗೆ ಮಾಲಾ ಗಟ್ಟಿ ಬೀಗವನ್ನೇ ಹಾಕಿದ್ದಳು. ಒಳಗೆ ಇರುವವರೆಲ್ಲ ನಮ್ಮವರೇ ಎಂದು ಒಳಬಾಗಿಲಿಗೆ ಒಂದು ಚಿಲಕವನ್ನೂ ಇಟ್ಟಿರಲಿಲ್ಲ. ಯಾವ ಡಬ್ಬಿ ಯಾವುದನ್ನು ಕೇಳಿದರೂ ಉತ್ತರ ಸಿಗುತ್ತಿತ್ತು.

ಯಾರು ಯಾರನ್ನು ಏನು ಕೇಳಿದರು ಎಂಬ ಸಾಲುಗಳನ್ನು ಅವಳು ಮೇಲಿಂದ ಓದುತ್ತ ಬಂದಳು. ಹೋದ ತಿಂಗಳು ಒಳಗೆ ಬಂದ ಹೊಸ ಡಬ್ಬಿಯೊಂದಿತ್ತು. ಗಾಡಿ ಎಲ್ಲಿದೆ ಎಂದು ನಕಾಶೆಯಲ್ಲಿ ತೋರಿಸುವುದಷ್ಟೇ ಅದರ ಕೆಲಸ. ಬರೆದವನು ಪರಶು, ಸಂಸ್ಥೆಯ ಅಧ್ಯಕ್ಷರ ತಂಗಿಯ ಮಗ. 'ನಮ್ಮ ಹುಡುಗ, ಛಲೋ ಮಾಡ್ಯಾನ' ಎಂದು ಅಧ್ಯಕ್ಷರೇ ತಂದದ್ದನ್ನು ಮಾಲಾ ಪರೀಕ್ಷಿಸದೆ ಒಳಗೆ ಬಿಟ್ಟಿದ್ದಳು. ಅವನಿಗೊಂದು ಕೀಲಿಯನ್ನೂ ಕೊಟ್ಟಿದ್ದಳು. ಗಾಡಿ ನೋಡಬೇಕಾದ ಆ ಡಬ್ಬಿ ಈಗ ವಿಳಾಸದ ಡಬ್ಬಿಯನ್ನು ಮತ್ತೆ ಮತ್ತೆ ಕೇಳುತ್ತಿತ್ತು: ಯಾರು, ಎಲ್ಲಿ, ಯಾವಾಗ? ವಿಳಾಸದ ಡಬ್ಬಿ ಪ್ರತಿ ಸಲವೂ ಉತ್ತರ ಕೊಟ್ಟಿತ್ತು.

ಕೊನೆಯ ಉತ್ತರ: ರೇವವ್ವ, ಬಸವನ ಬಾಗೇವಾಡಿ ಬಸ್ ನಿಲ್ದಾಣ.

"ಆಪಾ, ಸುದ್ದಿ ಹೋಗೇತ್ರಿ."

"ಯಾ ಅಲ್ಲಾ!"

"ರೊಟ್ಟಿ ಸುಟ್ಟು ಕರಕಾದ್ವು!" ಅತ್ತೆ ಶೆಟ್ಟೆವ್ವ ಹಿತ್ತಲಿನಿಂದ ಕೂಗಿದಳು. "ಆ ಡಬ್ಬಿನ್ಯಾಗ ಮಾರಿ ಇಟ್ಗೊಂಡು ಕುಂತ್ರ ಅದೇನ ನಿನಗ ರೊಟ್ಟಿ ಬಡದು ಹಾಕ್ತೈತೇನ?"

"ಅತ್ತೀ, ಒಂದೀಟು ನೀವ ನೋಡ್ರಿ. ಒಬ್ಬಾಕಿ ಜೀವದ ಮಾತೈತಿ."

ಶೆಟ್ಟೆವ್ವ ಸೊಸೆಯ ಮುಖ ನೋಡಿದಳು. ಬಂದು ಒಲೆಯ ಮುಂದೆ ಕುಳಿತಳು. ಮೂರು ವರ್ಷದ ಶಿವಾನಿ ತಾಯಿಯ ಮಡಿಲಿಗೆ ಹತ್ತಿದಳು. ಮಾಲಾ ಅವಳನ್ನು ಎಡಗೈಯಲ್ಲಿ ಅಪ್ಪಿಕೊಂಡು, ಬಲಗೈಯಲ್ಲಿ ನಕಾಶೆಯ ಡಬ್ಬಿಯನ್ನು ಅಳಿಸಿದಳು. ಪರಶುವಿನ ಕೀಲಿಯನ್ನೂ ರದ್ದು ಮಾಡಿದಳು. ಅವನೇ ಸುದ್ದಿ ಮಾರಿಕೊಂಡನೋ, ಅವನ ಪಾಸ್‌ವರ್ಡ್ ಬೇರೆ ಯಾರ ಕೈಗಾದರೂ ಸಿಕ್ಕಿತ್ತೋ, ಅದನ್ನೆಲ್ಲ ಯೋಚಿಸುವ ಹೊತ್ತು ಇದಲ್ಲ.

"ಆಪಾ, ಆಕಿನ ಹೂವಿನ ಹಿಪ್ಪರಗಿಯಾಗ ಇಳಸೂಣ್ರಿ. ಬಸ್ ಆ ಮ್ಯಾಲಿಂದನ ಬರ್ತೈತಿ. ನಬಿಲಾಲಣ್ಣಗ ಅಲ್ಲಿಗೆ ಹೋಗು ಅಂತ ಹೇಳ್ರಿ."

"ಅಂವಗ ಹೇಳ್ತೇನಿ. ಆಕಿಗೆ ಹ್ಯಾಂಗ ಹೇಳೂದು? ಆಕಿ ನಂಬರ ನನಗೂ ಗೊತ್ತಿಲ್ಲ."

ಅದು ಬೇಕೆಂದೇ ಮಾಡಿದ ಏರ್ಪಾಡು. ಹೆದರಿಸಿ ಬಾಯಿ ಬಿಡಿಸಿದರೂ ಯಾರಿಗೂ ಹೇಳಲು ಬಾರದಿರಲಿ ಎಂದು, ನಂಬರು ಮನುಷ್ಯರ ಕಣ್ಣಿಗೆ ಬೀಳದಂತೆ ಇಟ್ಟಿದ್ದರು. ರೇವವ್ವನಿಗೆ ಸುದ್ದಿ ಮುಟ್ಟಬೇಕಾದರೆ ಮೆಸೇಜಿನ ಡಬ್ಬಿಯೇ ಮುಟ್ಟಿಸಬೇಕು. ಮಾಲಾ ಹೊಸ ಜಾಗವನ್ನು ಬರೆಯಲು ಕೈಯೆತ್ತಿದಳು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಹೊಸ ಸಾಲು ಮೂಡಿತು.

ಮೆಸೇಜಿನ ಡಬ್ಬಿ ವಿಳಾಸ ಕೇಳಿದೆ: ರೇವವ್ವ ಎಲ್ಲಿ?

ಮೆಸೇಜಿನ ಡಬ್ಬಿ ಎಂದೂ ಕೇಳುವುದಿಲ್ಲ. ಹೇಳಿದ್ದನ್ನು ಕಳಿಸುತ್ತದೆ, ಅಷ್ಟೇ. ಅಂದರೆ ಆ ಹೆಸರು ಹೇಳಿಕೊಂಡು ಇನ್ಯಾವುದೋ ಒಳಗೆ ಕೂತಿದೆ. ಕೀಲಿ ಕಸಿದುಕೊಳ್ಳುವ ಮೊದಲೇ ಅದನ್ನು ಇಟ್ಟು ಹೋಗಿದ್ದಾರೆ. ಅದು ಯಾವುದೆಂದು ಹುಡುಕಿ ಅಳಿಸಲು ಹೊತ್ತಿಲ್ಲ. ಹೆಸರು ಯಾರು ಬೇಕಾದರೂ ಹೇಳಬಹುದು. ನಿನ್ನೆ ಸಿಂದಗಿಯಲ್ಲಿ ನಿಂತವನೂ ಹೆಸರನ್ನೇ ಹೇಳಿದ್ದ. ಈಗ ಹೊಸ ಜಾಗ ಬರೆದರೆ ಧರೆಪ್ಪನ ಕೈಗೆ ತಾನೇ ಬರೆದುಕೊಟ್ಟಂತೆ.

ಕೆಲವು ವಾರಗಳಿಂದ ಅವಳು ಬೇರೊಂದು ಕಡೆ ಪ್ರಯೋಗ ಮಾಡುತ್ತಿದ್ದ ಉಪಾಯವೊಂದಿತ್ತು. ಪ್ರತಿ ಡಬ್ಬಿಯ ಪಕ್ಕ ಒಬ್ಬ ಕಾವಲುಗಾರನಂಥ ಪ್ರೋಗ್ರಾಮು. ಅವನ ಕೈಯಲ್ಲಿ ಯಾರಿಂದಲೂ ನಕಲು ಮಾಡಲಾಗದ ಸರ್ಟಿಫಿಕೇಟು. ಮಾತಿಗೆ ಮೊದಲು ಕೇಳುವವನೂ ತೋರಿಸಬೇಕು, ಹೇಳುವವನೂ ತೋರಿಸಬೇಕು. ಇಬ್ಬರದೂ ಸರಿ ಇದ್ದರೆ ಮಾತ್ರ ಮಾತು, ಅದೂ ಬೇರೆಯವರಿಗೆ ತಿಳಿಯದ ಗೂಢಲಿಪಿಯಲ್ಲಿ. ಸರ್ಟಿಫಿಕೇಟ್ ಇಲ್ಲದವರಿಗೆ ಉತ್ತರವಿಲ್ಲ.

ಅದನ್ನು ಈಗಲೇ ಎಲ್ಲ ಕಡೆ ಜಾರಿ ಮಾಡಿದಳು. ವಿಳಾಸದ ಡಬ್ಬಿಗೆ ಕಾವಲು ಬಂತು. ಗಾಡಿಯ ಡಬ್ಬಿಗೂ ಬಂತು. ನಿಜವಾದ ಮೆಸೇಜಿನ ಡಬ್ಬಿ ಮಾತ್ರ ಎದ್ದು ನಿಂತು ಕುಸಿಯಿತು. ಮತ್ತೆ ಎಬ್ಬಿಸಿದಳು. ಮತ್ತೆ ಕುಸಿಯಿತು.

"ಬಸ್ ಢವಳಗಿ ದಾಟಿರ್ತೈತಿ ಮಾಲಾ."

"ಗೊತ್ತೈತ್ರಿ ಆಪಾ, ತಡೀರಿ."

ಬಾಗಿಲು ತೆರೆದಿಟ್ಟು ಮೆಸೇಜ್ ಕಳಿಸಿದರೆ ಧರೆಪ್ಪನೂ ಓದುತ್ತಾನೆ. ಹಾಕಿಕೊಂಡರೆ ರೇವವ್ವನಿಗೆ ಮುಟ್ಟುವುದಿಲ್ಲ, ಅವಳು ನೇರವಾಗಿ ಬಾಗೇವಾಡಿಯಲ್ಲಿ ಇಳಿಯುತ್ತಾಳೆ. ಶಿವಾನಿ ಕೀಲಿಮಣೆಯತ್ತ ಕೈ ಚಾಚಿದಳು. "ಬ್ಯಾಡ ನನ್ನ ಬಂಗಾರ," ಎಂದು ಮಾಲಾ ಆ ಪುಟ್ಟ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಹಿಡಿದುಕೊಂಡು, ಕುಸಿದ ಕಾರಣವನ್ನು ಇನ್ನೊಮ್ಮೆ ನಿಧಾನವಾಗಿ ಓದಿದಳು. ಜಾಗ ಸಾಲದು. ಹೌದು, ಬಾಡಿಗೆ ಉಳಿಯಲೆಂದು ಆ ಡಬ್ಬಿಗೆ ಒಬ್ಬರೇ ಮುದುಡಿ ಕೂರುವಷ್ಟು ಮೆಮೊರಿ ಕೊಟ್ಟಿದ್ದಳು. ಕಾವಲುಗಾರ ಎಲ್ಲಿ ಕೂತಾನು? ಮೆಮೊರಿಯನ್ನು ಇಮ್ಮಡಿ ಮಾಡಿ ಎಬ್ಬಿಸಿದಳು. ಈ ಸಲ ಕುಸಿಯಲಿಲ್ಲ, ನಿಂತಿತು.

"ಆಪಾ, ಆಕಿಗೂ ನಿಮಗೂ ಬಿಟ್ಟು ಮತ್ಯಾರಿಗೂ ಗೊತ್ತಿಲ್ಲದ್ದು ಏನರ ಐತೇನ್ರಿ? ಫೋನಿನ್ಯಾಗ ಆಕಿ ಹೇಳಿದ್ದು?"

"ಬುತ್ತಿ ಒಯ್ತೇನಿ ಅಂತ ಹೇಳಿ ಮನಿ ಬಿಡ್ತೇನ್ರಿ ಅಂದಿದ್ಲು. ರೊಟ್ಟಿ ಕೆಳಗ ಕೂಸಿನ ತಲಿಗೆ ಹಾಕೂ ಕುಂಚಿಗಿ ಮುಚ್ಚಿಡ್ತೇನಿ, ನಮ್ಮವ್ವ ಹೊಲದದ್ದು, ಅದನ್ನ ಬಿಟ್ಟು ಬರೂದಿಲ್ಲ ಅಂದ್ಲು."

ಮಾಲಾ ಬರೆದಳು: ಹೂವಿನ ಹಿಪ್ಪರಗಿಯಲ್ಲೇ ಇಳಿಯಿರಿ. ಬಂದವನನ್ನು ರೊಟ್ಟಿಯ ಕೆಳಗೆ ಏನಿದೆ ಎಂದು ಕೇಳಿ. ಹೇಳದಿದ್ದರೆ ಗಾಡಿ ಹತ್ತಬೇಡಿ.

ಹೋಯಿತು. ಆ ಕ್ಷಣವೇ ಹುಸಿ ಹೆಸರಿನ ಡಬ್ಬಿ ಮತ್ತೆ ಕೇಳಿತು. ಈ ಸಲ ಪರದೆಯ ಮೇಲೆ ಬಂದದ್ದು ಒಂದೇ ಮಾತು: ನಿರಾಕರಿಸಲಾಗಿದೆ. ಆದರೆ ರೇವವ್ವನಿಗೆ ಕಳಿಸಿದ್ದು ತಲುಪಿತೆಂಬ ಗುರುತು ಬರಲೇ ಇಲ್ಲ. ಆ ದಾರಿಯಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಶೆಟ್ಟೆವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಾನೇ ಮರೆತು ಸೊಸೆಯ ಹೆಗಲ ಮೇಲಿಂದ ಪರದೆ ನೋಡುತ್ತ ನಿಂತಿದ್ದಳು.

ಮಾಲಾಳ ಇನ್ನೊಂದು ಫೋನು ಹೊಡೆದುಕೊಂಡಿತು. ನಬಿಲಾಲ.

"ಅಕ್ಕಾರ, ಹೆಣ್ಮಗಳು ಹಿಪ್ಪರಗಿಯಾಗ ಇಳದಾಳ್ರಿ, ಬಸ್ಸೂ ಹ್ವಾತು. ಖರೆ ಗಾಡಿ ಹತ್ತವಲ್ಲಳ್ರಿ! ನನಗ ಪರೀಕ್ಷಾ ತಗೋಳಾಕತ್ತಾಳ. ರೊಟ್ಟಿ ಕೆಳಗ ಏನೈತಿ ಅಂತಾಳ. ಪಲ್ಲೆ ಅಂದೆ. ಒಲ್ಲೆ ಅಂದ್ಲು. ಶೇಂಗಾ ಹಿಂಡಿ ಅಂದೆ. ದೂರ ಸರದು ನಿಂತ್ಲು!"

"ಗೌಸಬಿ ಆಪಾ ನಿಮಗ ಹೇಳಿಲ್ಲೇನ್ರಿ?"

"ಹಿಪ್ಪರಗಿಗೆ ಹೋಗಂದ್ರು, ಅಷ್ಟರಾಗ ಫೋನ್ ಕಟ್ಟಾತ್ರಿ."

ಬಸ್ಸು ಬಾಗೇವಾಡಿ ಮುಟ್ಟಿದರೆ ಧರೆಪ್ಪ ಕಂಡಕ್ಟರನನ್ನು ಕೇಳುತ್ತಾನೆ. ಕೂಸಿನ ಹೆಣ್ಣುಮಗಳು ಹಿಪ್ಪರಗಿಯಲ್ಲಿ ಇಳಿದಳು ಎಂದು ಕಂಡಕ್ಟರ ಹೇಳುತ್ತಾನೆ. ಬೈಕಿಗೆ ಆ ದಾರಿ ಎಷ್ಟರದು?

"ಕುಂಚಿಗಿ, ಅಣ್ಣಾ. ಕೂಸಿನ ಕುಂಚಿಗಿ. ಇನ್ನ ಆಕಿ ಹೌದೋ ಅಲ್ಲೋ ನೀವೂ ಕೇಳ್ರಿ, ಅದನ್ನ ಯಾರು ಹೊಲದದ್ದು ಅಂತ. ಅವ್ವ ಅನಬೇಕು."

ಆಚೆಯಿಂದ ಗಾಳಿಯ ಸದ್ದು, ನಬಿಲಾಲನ ದನಿ, ಒಬ್ಬ ಹೆಂಗಸಿನ ಬಿಗಿದ ದನಿ. "ನಮ್ಮವ್ವ" ಎಂಬುದೊಂದೇ ಮಾಲಾಳಿಗೆ ಸ್ಪಷ್ಟವಾಗಿ ಕೇಳಿತು. ಗಾಡಿಯ ಬಾಗಿಲು ಬಡಿದು ಎಂಜಿನ್ ಗುರುಗುಟ್ಟಿತು. ಶೆಟ್ಟೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಹೊಗೆಯನ್ನು ಬೈದಳು.

"ಆಕಿಗೆ ಫೋನ್ ಕೊಡ್ರಿ ಅಣ್ಣಾ, ಒಂದ ಮಾತು," ಎಂದಳು ಮಾಲಾ. ಧೈರ್ಯ ಹೇಳಬೇಕೆನಿಸಿತ್ತು. "ರೇವವ್ವಾರ, ನಾ ಮಾಲಾ ಅಂತ. ನೆರಳಿನಾಕಿ. ಇನ್ನ ಹೆದರಬ್ಯಾಡ್ರಿ. ಕೂಸು ಹ್ಯಾಂಗೈತ್ರಿ? ಏನರ ಕುಡೀತೇನು?"

ಎಂಜಿನ್ ಸದ್ದಿನ ನಡುವೆ ರೇವವ್ವನ ದನಿ ಬಂತು.

"ನೆರಳಿನಾಕಿ ಅನ್ನೂದಕ್ಕ ಗುರ್ತೇನ್ರಿ?"

ಕುಂಚಿಗಿಯ ಮಾತು ಈಗಷ್ಟೇ ನಬಿಲಾಲನ ಬಾಯಲ್ಲಿ ಬಯಲಾಗಿತ್ತು. ಮಾಲಾಳಿಗೂ ರೇವವ್ವನಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲದ ಮಾತು ಒಂದೂ ಇರಲಿಲ್ಲ.

"ಗುರ್ತು ಇಲ್ರಿ ನನ್ನ ಕಡೆ."

"ಹಂಗಾರ ಕೂಸಿನ ಸುದ್ದಿ ನಿಮಗ ಹೇಳೂದಿಲ್ರಿ. ಇಡ್ತೇನಿ."

ಫೋನು ಕಟ್ಟಾಯಿತು. ಮಾಲಾ ಮತ್ತೆ ಹಚ್ಚಲಿಲ್ಲ. ಇನ್ನೊಂದು ಫೋನಿನಲ್ಲಿ ಗೌಸಬಿ "ಏನಂದ್ಲು? ಏನಂದ್ಲು?" ಎಂದು ಕೇಳುತ್ತಲೇ ಇದ್ದಳು. ಮಾಲಾ ಆ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಗುರ್ತಿಲ್ಲಂತ ನನ್ನನ್ನೂ ನಂಬಲಿಲ್ಲ ಆಪಾ," ಎಂದಳು. "ಇನ್ನ ಆಕಿ ಇಂಡಿ ಮುಟ್ತಾಳ್ರಿ."